ಎಲ್ವಿಯೊನ ಸೈಕಲ್ಲಿನ ಬಿಲ್ಲೆಗಳು

ಕಾನ್ಯಾದೊನ್ ಬ್ಲಾಂಕೊ ಶಾಲೆ, ಚುಬುತ್
12 ಮಾರ್ಚ್ 1988

ಪ್ರೀತಿಯ ನೋನಾ,

ನೀವು ಕಳಿಸಿದ ಪಾರ್ಸೆಲ್ ತಲುಪಿತು. ಉಣ್ಣೆಯ ಕಾಲುಚೀಲ ಅಳತೆಗೆ ಸರಿಯಾಗಿದೆ. ಸಲಾಮಿ ಮಾಂಸದ ವಾಸನೆ ಅಂಚೆಯವನ ಮೂಗಿಗೆ ಮೊದಲೇ ಗೊತ್ತಾಗಿತ್ತು. ಒಂದು ತುಂಡು ಕೊಡದೆ ಅವನು ಬಾಗಿಲು ಬಿಟ್ಟು ಅಲುಗಲಿಲ್ಲ.

ಶಾಲೆಗೆ ಒಂದು ಹಳೆಯ ಸೈಕಲ್ ಬಂದಿದೆ. ಕುರಿ ಸಾಕುವ ಜಮೀನುಗಳಿಂದ ಗುಜರಿ ಕಬ್ಬಿಣ ತುಂಬಿಕೊಂಡು ಹೋಗುವ ಲಾರಿಯವನು ಗೇಟಿನ ಹತ್ತಿರ ಇಳಿಸಿ, "ಟೀಚರ್, ಇದನ್ನ ಕರಗಿಸೋಕೆ ಮನಸ್ಸು ಬರ್ಲಿಲ್ಲ. ಮಕ್ಕಳಿಗಿರ್ಲಿ" ಎಂದ. ಎಲ್ಲಿಂದ ತಂದೆಯಪ್ಪಾ ಎಂದರೆ, "ಪಶ್ಚಿಮದ ಕಡೆಯಿಂದ" ಎಂದು ಹೊರಟುಹೋದ. ಇಲ್ಲಿ ಪಶ್ಚಿಮ ಎಂದರೆ ಆಂಡೀಸ್ ಬೆಟ್ಟದವರೆಗೂ ಪಶ್ಚಿಮವೇ. ಆ ಲಾರಿ ಮತ್ತೆ ಈ ದಾರಿಗೆ ಬರುವುದು ಡಿಸೆಂಬರಿನ ಬೇಸಿಗೆಗೆ.

ಇದು ಎಷ್ಟು ಹಳೆಯದು ಎಂದು ಮಕ್ಕಳಲ್ಲಿ ಜಗಳ ನಡೆದಿದೆ. ಒಬ್ಬಳು "ನನ್ನ ತಾತನಷ್ಟು" ಎನ್ನುತ್ತಾಳೆ, ಇನ್ನೊಬ್ಬ "ಅದಕ್ಕಿಂತ ಗಟ್ಟಿಯಾಗಿದೆ ಬಿಡೇ" ಎನ್ನುತ್ತಾನೆ. ಕಪ್ಪು ಬಣ್ಣ ಪದರ ಪದರವಾಗಿ ಏರಿದೆ. ವಿಚಿತ್ರವೆಂದರೆ ಚೈನಿನ ಎಣ್ಣೆ ಇನ್ನೂ ಹಸಿಯಾಗಿದೆ. ಸೀಟಿನ ಹಿಂದೆ ತಂತಿಯಲ್ಲಿ ಕಟ್ಟಿದ ಒಂದು ತಗಡಿನ ಬಿಲ್ಲೆ ಇದೆ. ಅದನ್ನು ಒರೆಸಿದಾಗ ಕಂಡ ಅಕ್ಷರ ನೋಡಿ ನಾನು ನೆಲದ ಮೇಲೇ ಕುಳಿತುಬಿಟ್ಟೆ, ನೋನಾ. "ಸಾಂತ ಫಿಲೊಮೆನಾ 1949." ನಮ್ಮ ಊರು! ಇಷ್ಟು ದೂರದಲ್ಲಿ! ಹಾಗಾದರೆ ಸೈಕಲ್ಲು 1949ರದು ಎಂದು ಮಕ್ಕಳಿಗೆ ಹೇಳಬಹುದೇ?

ನಿಮ್ಮ ಮೊಮ್ಮಗಳು,
ನೀದಿಯಾ


ಸಾಂತ ಫಿಲೊಮೆನಾ, ಸಾಂತ ಫೆ
2 ಏಪ್ರಿಲ್ 1988

ನೀದಿಯಾ,

ನಿನ್ನ ಅಕ್ಷರ ಕೆಟ್ಟಿದೆ. ಪಾಠ ಹೇಳುವವರ ಅಕ್ಷರ ಹೀಗಿರಬಾರದು.

ಹೇಳಬಾರದು. ಆ ಬಿಲ್ಲೆ ಸೈಕಲ್ಲು ಹುಟ್ಟಿದ ವರ್ಷ ಹೇಳುವುದಿಲ್ಲ, ಅದಕ್ಕೆ ತೆರಿಗೆ ಕಟ್ಟಿದ ವರ್ಷ ಹೇಳುತ್ತದೆ. ನಿನ್ನ ಕಾಲಕ್ಕೆ ಅದೆಲ್ಲ ನಿಂತುಹೋಗಿತ್ತು. ಆಗ ಪ್ರತಿ ವರ್ಷ ಪುರಸಭೆಗೆ ಸೈಕಲ್ಲು ತಳ್ಳಿಕೊಂಡು ಹೋಗಿ ಹೊಸ ಬಿಲ್ಲೆ ಕಟ್ಟಿಸಿಕೊಳ್ಳಬೇಕಿತ್ತು. ಊರೂರಿಗೆ ಬೇರೆ ಬಿಲ್ಲೆ, ವರ್ಷ ವರ್ಷಕ್ಕೆ ಬೇರೆ ಬಣ್ಣ. ಬಿಲ್ಲೆಯಿಲ್ಲದವನು ಸಿಕ್ಕರೆ ಇನ್ಸ್‌ಪೆಕ್ಟರ್ ಫಿಯೊರಿಂದೊ ಚಕ್ರದ ಗಾಳಿ ಬಿಟ್ಟು, ಸೈಕಲ್ಲು ಹೊತ್ತುಕೊಂಡು ಹೋಗುವಂತೆ ಮಾಡುತ್ತಿದ್ದ. ಪಾದ್ರಿಯ ಸೈಕಲ್ಲನ್ನೂ ಅವನು ಬಿಟ್ಟವನಲ್ಲ.

ಈಗ ಒಂದು ವಿಷಯ. ನಮ್ಮ ಮನೆತನದ ಸಮಾಧಿಯ ಗೋಡೆಯ ಮೇಲೆ ಕಂಚಿನ ಫಲಕ ನೋಡಿದ್ದೀಯೆ. "ಎಲ್ವಿಯೊ ಬೊಸ್ಸೆರೋ, 1921–1949." ಚಿಕ್ಕವಳಿದ್ದಾಗ ಯಾರಿವರು ಎಂದು ಕೇಳಿದ್ದೆ. ಹೂವು ಬಾಡುತ್ತದೆ, ನಡೆ ಎಂದಿದ್ದೆ ನಾನು. ಅವನು ನನ್ನ ತಮ್ಮ. ಆ ಫಲಕದ ಹಿಂದೆ ಯಾರೂ ಮಲಗಿಲ್ಲ.

ಎಲ್ವಿಯೊ ಸೈಕಲ್ ರೇಸಿನವನು. 1949ರ ಡಿಸೆಂಬರ್, ಗೋಧಿಯ ಕುಯ್ಲು. ಒಂದು ಭಾನುವಾರ ಕುಯ್ಲು ಬಿಟ್ಟು ಪಕ್ಕದ ಊರಿನ ರೇಸಿಗೆ ಹೋದ. ಸಂಜೆ ಕಪ್ ಹಿಡಿದುಕೊಂಡು ಬಂದಾಗ ನಾವೆಲ್ಲ ಊಟಕ್ಕೆ ಕುಳಿತಿದ್ದೆವು. ನನ್ನ ಅಪ್ಪ ತಲೆ ಎತ್ತಲಿಲ್ಲ.

"ಗೆದ್ದ್ಯಾ?"

"ಗೆದ್ದೆ, ಅಪ್ಪಾ."

"ಹಾಗಾದ್ರೆ ಆ ಕಪ್‌ನಲ್ಲೇ ಊಟ ಮಾಡ್ಕೋ. ಈ ಮನೇಲಿ ನಿನಗೆ ತಟ್ಟೆ ಇಲ್ಲ."

ಅವನು ಕಪ್ಪನ್ನು ಹೊಸ್ತಿಲ ಮೇಲಿಟ್ಟು ಸೈಕಲ್ ಹತ್ತಿ ಹೋದ. ಮತ್ತೆ ಸುದ್ದಿಯಿಲ್ಲ. ಆ ಬೇಸಿಗೆಯಲ್ಲಿ ಸಲಾದೊ ನದಿ ಉಕ್ಕಿ ಒಂದು ಸೇತುವೆ ಕೊಚ್ಚಿತ್ತು. ದಾಟುತ್ತಿದ್ದವರಲ್ಲಿ ಒಬ್ಬ ಸೈಕಲ್ಲಿನವನೂ ಇದ್ದನೆಂದು ಜನ ಹೇಳಿದರು. ಅಪ್ಪ ಅವನ ಹೆಸರು ಎತ್ತಬಾರದೆಂದ. ಅಪ್ಪನ ನಂತರ ಈ ಮನೆಯಲ್ಲಿ ಆ ಮಾತನ್ನು ನಡೆಸಿಕೊಂಡು ಬಂದವಳು ನಾನು. ಅಮ್ಮ ಮಾತ್ರ ಮಾತಾಡದೆ ದಿನಾ ಅವನ ಜಾಗದಲ್ಲಿ ಒಂದು ತಟ್ಟೆ ಇಡುತ್ತಿದ್ದಳು, ಊಟವಾದ ಮೇಲೆ ತೊಳೆದಿಡುತ್ತಿದ್ದಳು. ಆ ತಟ್ಟೆಯ ತಂಟೆಗೆ ಅಪ್ಪನೂ ಹೋಗಲಿಲ್ಲ.

ಸೀಟು ಚರ್ಮದ್ದೋ ನೋಡು. ಚರ್ಮದ್ದಾಗಿದ್ದರೆ ಬಿಚ್ಚಿ ಕೆಳಗಿನ ಮೈ ನೋಡು. ಹೊಸ ಸೈಕಲ್ಲು ಮನೆಗೆ ಬಂದ ದಿನ ಅಪ್ಪ ದನಗಳಿಗೆ ಹಾಕುವ ನಮ್ಮ ಮುದ್ರೆಯನ್ನು ಕಾಯಿಸಿ ಅಲ್ಲಿ ಒತ್ತಿದ್ದರು. "ನಾಲ್ಕು ಕಾಲಿಂದಾಗ್ಲಿ, ಎರಡು ಚಕ್ರದ್ದಾಗ್ಲಿ, ಮುದ್ರೆ ಇಲ್ದೆ ನಮ್ಮ ಗೇಟು ದಾಟಬಾರ್ದು" ಎಂದಿದ್ದರು. ಅರ್ಧಚಂದ್ರ, ಅದರ ಕೆಳಗೆ ಎರಡು ಗೀಟು. ಇಲ್ಲದಿದ್ದರೆ ಈ ಮಾತು ಇಲ್ಲಿಗೆ ಮುಗಿಯಿತು. ಇಲ್ಲದ ಆಸೆ ಕಟ್ಟಿಕೊಳ್ಳಬೇಡ.

ಎರ್ಮೆಲಿಂದಾ ಬೊಸ್ಸೆರೋ


ಕಾನ್ಯಾದೊನ್ ಬ್ಲಾಂಕೊ
24 ಏಪ್ರಿಲ್ 1988

ಪ್ರೀತಿಯ ನೋನಾ,

ಮುದ್ರೆ ಇದೆ.

ಸೀಟಿನ ನಟ್ಟು ತುಕ್ಕು ಹಿಡಿದಿತ್ತು. ಬಿಚ್ಚಲು ಒಂದು ಮಧ್ಯಾಹ್ನವೇ ಹಿಡಿಯಿತು. ಚರ್ಮ ತಿರುಗಿಸಿದಾಗ ಅರ್ಧಚಂದ್ರವೂ ಎರಡು ಗೀಟೂ ನಿನ್ನೆ ಒತ್ತಿದ ಹಾಗಿದ್ದವು. ನಮ್ಮ ಕೊಟ್ಟಿಗೆಯ ಬಾಗಿಲ ಮೇಲೆ ದಿನಾ ನೋಡಿ ಬೆಳೆದ ಗುರುತು. ಬೆರಳಿಟ್ಟು ನೋಡಿದೆ. ನಾನು ಕಾಣದ ಮುತ್ತಜ್ಜನ ಕೈಯನ್ನು ಮುಟ್ಟಿದ ಹಾಗಾಯಿತು.

ಆದರೆ ಇನ್ನೊಂದು ಗುರುತೂ ಸಿಕ್ಕಿದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದಿನ ಚಕ್ರದ ನಟ್ಟನಡುವೆ ಕಡ್ಡಿಗಳೆಲ್ಲ ಸೇರುವ ಹಬ್ ಅನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. "54" ಎಂದು ಒತ್ತಿದ್ದಾರೆ. ಕೊಮೊದೊರೊ ಪಟ್ಟಣದ ಸೈಕಲ್ ಅಂಗಡಿಯಲ್ಲಿ ಕೇಳಿದೆ. ಅದು ಮೂರು ಗೇರಿನ ಹಬ್ ಅಂತೆ, ಒತ್ತಿರುವುದು ತಯಾರಾದ ವರ್ಷವಂತೆ. ಎಲ್ವಿಯೊ ತಾತ ಹೋದದ್ದು 49ರಲ್ಲಿ. ನನಗೆ ಏನೂ ತೋಚುತ್ತಿಲ್ಲ.

ಬಿಲ್ಲೆಯನ್ನು ಬಿಚ್ಚಲು ನೋಡಿದೆ, ಆಗಲಿಲ್ಲ. ನನ್ನ ಕಿರುಬೆರಳಿಗಿಂತ ದಪ್ಪವಿದೆ. ಹಿಂದಿನ ಮುಖದ ಮೇಲೆ ಕಪ್ಪು ಬಣ್ಣ ಗಟ್ಟಿಯಾಗಿ ಕೂತಿದೆ.

ನೀದಿಯಾ


ಸಾಂತ ಫಿಲೊಮೆನಾ
9 ಮೇ 1988

ನೀದಿಯಾ,

ಸೀಟು ಅವನದು. ಸೈಕಲ್ಲು ಅವನದಲ್ಲ.

1954ರಲ್ಲಿ ತಯಾರಾದ ಚಕ್ರವನ್ನು 1949ರಲ್ಲಿ ಹೋದವನು ತುಳಿಯಲಾರ. ಅವನ ಸೈಕಲ್ಲಿಗೆ ಗೇರೂ ಇರಲಿಲ್ಲ. ನದಿಯ ಪಾಲಾದವನ ಸೈಕಲ್ಲಿನಿಂದ ಯಾರೋ ಒಳ್ಳೆಯ ಚರ್ಮ ಕಂಡು ಸೀಟು ಬಿಚ್ಚಿಕೊಂಡಿದ್ದಾರೆ, ಅದರ ಜೊತೆಗೆ ಬಿಲ್ಲೆಯೂ ಹೋಗಿದೆ. ಫಲಕದ ಮೇಲೆ ಬರೆಸಿದ್ದು ಸರಿಯಾಗಿಯೇ ಇದೆ.

ಸೀಟು ಕಳಿಸು. ಸಮಾಧಿಯೊಳಗೆ ಇಡಿಸುತ್ತೇನೆ. ಇಷ್ಟು ವರ್ಷ ಅಲ್ಲಿ ಇಡಲು ಏನೂ ಇರಲಿಲ್ಲ.

ಎರ್ಮೆಲಿಂದಾ ಬೊಸ್ಸೆರೋ


ಸಾಂತ ಫಿಲೊಮೆನಾ
17 ಮೇ 1988

ನೀದಿಯಾ,

ಸೀಟು ಕಳಿಸಿದ್ದರೆ ಇರಲಿ. ಕಳಿಸಿರದಿದ್ದರೆ ಬೇಡ. ತಕ್ಷಣ ಇದನ್ನು ಓದು.

ನಿನ್ನೆ ನಮ್ಮ ಗಾಳಿಯಂತ್ರದ ರಿಪೇರಿಗೆ ಜನ ಬಂದಿದ್ದರು. ನೀರೆತ್ತುವ ಆ ಯಂತ್ರ ಅಪ್ಪ ನಿಲ್ಲಿಸಿದ್ದು, ನಾನು ಹುಡುಗಿಯಾಗಿದ್ದಾಗ. ಮೇಲೆ ಹತ್ತಿದವನು ಕೂಗಿದ: "ದೋನ್ಯಾ ಎರ್ಮೆಲಿಂದಾ, ಇದ್ರ ರೆಕ್ಕೆ ಮೇಲೆ 71 ಅಂತಿದೆ. ಇದು ಅಷ್ಟೇನು ಹಳೇದಲ್ಲ!"

"ರೆಕ್ಕೆ ಆಲಿಕಲ್ಲಿಗೆ ಹೋಯ್ತು ಅಂತ ಆ ವರ್ಷ ಹೊಸದು ಹಾಕ್ಸಿದೆ. ಯಂತ್ರ ನಮ್ಮಪ್ಪಂದೇ. ನಿನ್ನ ಕೆಲಸ ನೋಡಯ್ಯ" ಎಂದೆ.

ಎಂದವಳು ಅಂಗಳದಲ್ಲಿ ಹಾಗೆಯೇ ನಿಂತೆ. ಒಲೆಯ ಮೇಲಿಟ್ಟ ಪೊಲೆಂತಾ ತಳ ಹಿಡಿಯಿತು. ನನ್ನ ಕೈಯಲ್ಲಿ ಪೊಲೆಂತಾ ತಳ ಹಿಡಿದದ್ದನ್ನು ಈ ಮನೆ ಕಂಡಿಲ್ಲ.

ಚಕ್ರ ಬೇರೆ, ಸೈಕಲ್ಲು ಬೇರೆ. ಚಕ್ರ ಸವೆದರೆ ಹೊಸದು ಹಾಕಿಸುತ್ತಾರೆ. ಚಕ್ರ ಸವೆಯಬೇಕಾದರೆ ಯಾರೋ ಅದನ್ನು ತುಳಿದಿರಬೇಕು. ನಾನು ಆ 54 ಎಂಬುದನ್ನು ಅವನು ಸತ್ತದ್ದಕ್ಕೆ ಸಾಕ್ಷಿಯೆಂದು ಓದಿದೆ. ಅದು ತಿರುಗಾಮುರುಗಾ ಇರಬಹುದು.

ಇನ್ನೊಂದು. ಬಿಲ್ಲೆ ನಿನ್ನ ಕಿರುಬೆರಳಿಗಿಂತ ದಪ್ಪವಿದೆ ಎಂದು ಬರೆದಿದ್ದೀಯೆ. ಓದುವಾಗ ನನ್ನ ಕಣ್ಣು ಅದರ ಮೇಲೆ ಜಾರಿಹೋಯಿತು. ನಮ್ಮ ಬಿಲ್ಲೆಗಳು ಬಿಸ್ಕತ್ತಿನ ಡಬ್ಬದ ತಗಡಿನಷ್ಟು ತೆಳು. ಹುಡುಗರು ಹಲ್ಲಿನಲ್ಲಿ ಬಗ್ಗಿಸುತ್ತಿದ್ದರು. ಒಂದು ಬಿಲ್ಲೆ ಅಷ್ಟು ದಪ್ಪ ಇರಲು ಸಾಧ್ಯವೇ ಇಲ್ಲ. ಹಳೆಯದನ್ನು ತೆಗೆಯದೆ ಅದರ ಹಿಂದೆಯೇ ಹೊಸದನ್ನು ಕಟ್ಟಿಕೊಳ್ಳುವುದು ಕೆಲವರ ರೂಢಿ. ಊರು ಬಿಟ್ಟ ಮೇಲೆ ಎಲ್ವಿಯೊ ನಮ್ಮೂರಿನದನ್ನು ಮುಂದೆ ಉಳಿಸಿಕೊಂಡು ಹಾಗೆ ಮಾಡಿರಬಹುದು.

ಚಾಕು ಹಾಕಬೇಡ. ಸೀಮೆಎಣ್ಣೆಯಲ್ಲಿ ನೆನೆಹಾಕು. ಅವಸರ ಮಾಡಬೇಡ. ಬಿಟ್ಟುಕೊಂಡ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸು. ಯಾವ ಊರು, ಯಾವ ವರ್ಷ, ಎಲ್ಲವನ್ನೂ ಅವು ಇರುವ ಕ್ರಮದಲ್ಲೇ ನನಗೆ ಬರೆ.

ನೋನಾ


ಕಾನ್ಯಾದೊನ್ ಬ್ಲಾಂಕೊ
14 ಜೂನ್ 1988

ನೋನಾ,

ನೀವು ಕುಳಿತು ಓದಿ.

ಬಿಲ್ಲೆಗಳು ಒಂದೊಂದಾಗಿ ಬಿಟ್ಟುಕೊಂಡವು. ಹಸಿರು, ಕೆಂಪು, ನೀಲಿ, ಹಳದಿ. ಕಪ್ಪು ಬಣ್ಣದ ಕೆಳಗೆ ಇಷ್ಟು ಬಣ್ಣ ಅಡಗಿತ್ತು. ಮಕ್ಕಳನ್ನು ಮೇಜಿನ ಸುತ್ತ ನಿಲ್ಲಿಸಿಕೊಂಡು ಒರೆಸಿದೆ. ಮೊದಲ ಬಿಲ್ಲೆಗೆ ಎಲ್ಲರೂ ಕೂಗಾಡಿದರು. ಮೂರನೆಯದಕ್ಕೆ ಪಿಸುಗುಟ್ಟಿದರು. ಆಮೇಲೆ ಒಬ್ಬರ ಭುಜದ ಮೇಲೊಬ್ಬರು ಬಗ್ಗಿ ಮೇಜಿಗೆ ಒತ್ತಿಕೊಂಡರು.

ನಮ್ಮೂರು 1949. ಪೆರ್ಗಮಿನೊ 1950. ಆಸುಲ್ 1951. ಬಹಿಯಾ ಬ್ಲಾಂಕಾ 1952, ಮತ್ತೆ 53. ವಿಯೆದ್ಮಾ 1954. ಟ್ರೆಲೆವ್ 1955.

ಗೋಡೆಯ ಮೇಲಿನ ಭೂಪಟದಲ್ಲಿ ಆಯಾ ಊರಿನ ಮೇಲೆ ಆಯಾ ಬಿಲ್ಲೆ ನೇತುಹಾಕುತ್ತ ಬಂದೆವು. ದೇಶದ ನಡುವಿನಿಂದ ಕೆಳಕ್ಕೆ, ಒಬ್ಬ ಮನುಷ್ಯ ಇಳಿದುಬಂದ ದಾರಿ ಗೋಡೆಯ ಮೇಲೆ ಮೂಡಿತು. ನದಿಯ ಪಾಲಾದವನು ವರ್ಷ ವರ್ಷವೂ ಯಾವುದೋ ಪುರಸಭೆಯ ಸಾಲಿನಲ್ಲಿ ನಿಂತು ತೆರಿಗೆ ಕಟ್ಟುತ್ತಿದ್ದ. 54ರ ಬಿಲ್ಲೆ ವಿಯೆದ್ಮಾದ್ದು, ಗಮನಿಸಿ. ಪತಗೋನಿಯಾದ ಗಾಳಿ ಶುರುವಾಗುವುದೇ ಅಲ್ಲಿ. ಗೇರಿನ ಹಬ್ ಅದೇ ವರ್ಷದ್ದು. ಬಯಲುಸೀಮೆಯ ರೇಸುಗಾರ ಮೊದಲ ಬಾರಿ ಈ ಗಾಳಿಗೆ ಎದೆಯೊಡ್ಡಿದಾಗ, ಗೇರಿಲ್ಲದೆ ಮುಂದೆ ಹೋಗಲಾಗದು ಎಂದು ಅವರಿಗೆ ತಿಳಿದಿರಬೇಕು.

ಕೊನೆಯದಾಗಿ ಪಶ್ಚಿಮಕ್ಕೆ ತಿರುಗಿ ಸಾರ್ಮಿಯೆಂತೊ. 1957ರಿಂದ ಎಲ್ಲ ಬಿಲ್ಲೆಗಳೂ ಅದೇ ಊರಿನವು. ಅದು ಗಾಳಿ ಬರುವ ದಿಕ್ಕು. ಮರಿಲೂಸ್ ಎಂಬ ಹುಡುಗಿ ಭೂಪಟ ನೋಡುತ್ತ ನಿಂತವಳು, "ಟೀಚರ್, ಇವ್ರು ಗಾಳಿಗೆ ಎದುರಾಗೇ ಹೋಗಿದ್ದಾರೆ" ಎಂದಳು. ಬಾವುಟದ ಮುಂದೆ ನಿಲ್ಲುವ ಹಾಗೆ ಕೈ ಇಳಿಬಿಟ್ಟು ನಿಂತಿದ್ದಳು.

ಎರಡು ಮಾತು ಬಾಕಿ ಇವೆ. ಒಂದು, ಕೊನೆಯ ಬಿಲ್ಲೆ 1971ರದು. ಆಮೇಲೆ ಇಲ್ಲ. ಅದರ ಅರ್ಥ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಎರಡನೆಯದು, 55ಕ್ಕೂ 57ಕ್ಕೂ ನಡುವೆ ಇದ್ದ ಬಿಲ್ಲೆ. ಅದನ್ನು ಮೂರು ಸಲ ಒರೆಸಿ ಓದಿದೆ, ಮಕ್ಕಳಿಂದಲೂ ಓದಿಸಿದೆ. "ಸಾಂತ ಫಿಲೊಮೆನಾ 1956."

ನೋನಾ, ಅವರು ಒಮ್ಮೆ ಮನೆಗೆ ಬಂದಿದ್ದರೇ?

ನೀದಿಯಾ


ಸಾಂತ ಫಿಲೊಮೆನಾ
25 ಜೂನ್ 1988

ನೀದಿಯಾ,

ನಿನ್ನ ಕಾಗದವನ್ನು ನಿಂತೇ ಓದಿದೆ. ಆಮೇಲೆ ಕುಳಿತೆ.

ಶಾಲು ಹೊದ್ದು ಫಿಯೊರಿಂದೊನ ಮನೆಗೆ ಹೋದೆ. ಈಗವನಿಗೆ ಎಂಬತ್ತು ದಾಟಿದೆ. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಮಾಟೆ ಎಲೆಯ ಕಷಾಯ ಹೀರುತ್ತಿದ್ದ. ಪೀಠಿಕೆಯಿಲ್ಲದೆ ಕೇಳಿದೆ.

"ಐವತ್ತಾರರಲ್ಲಿ ನನ್ನ ತಮ್ಮನ ಸೈಕಲ್ಲಿಗೆ ಬಿಲ್ಲೆ ಹಾಕಿದ್ದು ನೀವಾ?"

ಅವನು ಮಾಟೆಯ ಕೊಳವೆಯಿಂದ ಬಾಯಿ ತೆಗೆದ. "ಹಾಕ್ದೆ. ರೈಲ್ವೆ ಗೇಟಿನ ಹತ್ರ ಹಿಡ್ದೆ. ಮೈಯೆಲ್ಲ ಧೂಳು, ಗಡ್ಡ ಬಂದಿತ್ತು, ಟ್ರೆಲೆವ್‌ನ ಬಿಲ್ಲೆ ತೋರಿಸ್ದ. ಅದು ಇಲ್ಲಿ ನಡೆಯಲ್ಲಪ್ಪ ಅಂದೆ."

"ಸತ್ತ ಅಂದ್ಕೊಂಡೋನು ಅಷ್ಟು ದೂರ ಸೈಕಲ್ ತುಳ್ಕೊಂಡು ಬಂದಿದ್ದಾನೆ, ನೀವು ಅವನಿಗೆ ತೆರಿಗೆ ಕಟ್ಟಿಸ್ಕೊಂಡ್ರಾ!"

"ಬಿಲ್ಲೆ ಇಲ್ದೆ ಊರೊಳಗೆ ನಮ್ಮಪ್ಪ ಬಂದಿದ್ರೂ ಬಿಡ್ತಿರ್ಲಿಲ್ಲ, ದೋನ್ಯಾ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮ ಹೇಳ್ಬೇಡ ಅಂದ್ರು. ನಿಮ್ಮಪ್ಪ ಇನ್ನೂ ಇದ್ರಲ್ಲ."

"ಅಮ್ಮ ಹೋದ್ರು, ಅಪ್ಪಾನೂ ಹೋದ್ರು. ಆಮೇಲೆ ನಾನು ಫಲಕ ಹಾಕಿಸೋವಾಗ ನೀವು ಪಕ್ಕದಲ್ಲೇ ಟೋಪಿ ತೆಗೆದು ನಿಂತಿದ್ರಿ!"

"ನಿಂತಿದ್ದೆ. ನೀವು ಕಂಚಿನಲ್ಲಿ ಬರೆಸಿದ್ರಿ, ದೋನ್ಯಾ. ನಿಮ್ಮ ಹತ್ರ ಬಾಯಲ್ಲಿ ವಾದ ಮಾಡೋಕೇ ಊರು ಹೆದರುತ್ತೆ, ಕಂಚಿನ ಹತ್ರ ಯಾರು ಮಾಡ್ತಾರೆ?"

ಅವನು ಮಾಟೆಗೆ ಬಿಸಿನೀರು ಹಾಕಿ ನನ್ನ ಕಡೆ ಚಾಚಿದ. ಕುಡಿದೆ.

ನೀದಿಯಾ, ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ, ಏಕೆಂದರೆ ಇದರ ಅರ್ಥ ನನಗೇ ಇವತ್ತು ಆದದ್ದು. ಆ ವರ್ಷ ಶರತ್ಕಾಲದಲ್ಲಿ ಕೆಲವು ದಿನ ಅಮ್ಮ ಸ್ಮಶಾನಕ್ಕೆ ಹೂವು ಇಡಲು ಹೋಗುತ್ತಿದ್ದಳು. ಕೈಯಲ್ಲಿ ಮುಚ್ಚಿದ ಬುಟ್ಟಿ. ಒಮ್ಮೆ ಬುಟ್ಟಿಯ ಸಂದಿಯಿಂದ ಆವಿ ಬರುತ್ತಿದ್ದುದನ್ನು ಕಂಡೆ. ಹೂವಿನಿಂದ ಆವಿ ಬರುವುದೇ? ಆಗ ನನಗೆ ಕೇಳಬೇಕೆನಿಸಲಿಲ್ಲ. ಮುದುಕಿಗೆ ಏನೋ ಹರಕೆ ಇರಬೇಕು ಎಂದುಕೊಂಡೆ.

ಅದಾದ ಮೇಲೆ ಒಂದು ದಿನ ಅವಳು ಎಲ್ವಿಯೊನ ತಟ್ಟೆ ಇಡಲಿಲ್ಲ. ಮರುದಿನವೂ ಇಡಲಿಲ್ಲ. ಅಪ್ಪ ಖಾಲಿ ಜಾಗ ನೋಡಿದರು, ಅಮ್ಮನನ್ನು ನೋಡಿದರು, ರೊಟ್ಟಿ ಮುರಿದುಕೊಂಡರು. ಪಾಪ, ಆಸೆ ಬಿಟ್ಟಳು ಎಂದುಕೊಂಡೆ ನಾನು. ಮುಂದಿನ ವರ್ಷ ಅವಳು ತೀರಿಕೊಂಡಾಗ ಮುಖ ಎಷ್ಟು ಶಾಂತವಾಗಿತ್ತೆಂದರೆ, ಪಾದ್ರಿ ಅದನ್ನು ಭಕ್ತಿಯ ಫಲ ಎಂದರು. ನಾನೂ ಹಾಗೇ ನಂಬಿದೆ.

ಅವಳು ಆಸೆ ಬಿಟ್ಟಿರಲಿಲ್ಲ. ಅವಳಿಗೆ ಆಸೆಯ ಅಗತ್ಯವೇ ಇರಲಿಲ್ಲ. ಮಗ ಉಂಡದ್ದನ್ನು ಕಣ್ಣಾರೆ ಕಂಡಿದ್ದಳು.

ಒಂದೇ ಮೇಜಿನಲ್ಲಿ ಅವಳ ಎದುರು ಕುಳಿತು ನಾನು ಊಟ ಮಾಡುತ್ತಿದ್ದೆ. ಕಾಣಲಿಲ್ಲ. ಒಂದು ತಗಡಿನ ಚೂರು ಇಷ್ಟು ಕಾಲವಾದ ಮೇಲೆ ಅಷ್ಟು ದೂರದಿಂದ ತೋರಿಸಿಕೊಟ್ಟಿತು.

71ರ ವಿಷಯ. ಅಂಜಬೇಡ. ಆ ವರ್ಷಗಳಲ್ಲಿ ಒಂದೊಂದೇ ಊರು ಬಿಲ್ಲೆ ಕೊಡುವುದನ್ನು ನಿಲ್ಲಿಸುತ್ತ ಬಂತು ಎಂದು ಫಿಯೊರಿಂದೊ ಹೇಳುತ್ತಾನೆ. ಅಲ್ಲಿಗೆ ನಿಂತದ್ದು ಬಿಲ್ಲೆ. ಮನುಷ್ಯನೂ ಅಲ್ಲಿಗೇ ನಿಂತ ಎನ್ನಲಾಗದು. ನಿನ್ನ ಮೊದಲ ಕಾಗದವನ್ನು ಮತ್ತೆ ತೆಗೆದು ಓದಿದೆ. ಚೈನಿನ ಎಣ್ಣೆ ಹಸಿಯಾಗಿತ್ತು ಎಂದು ಬರೆದಿದ್ದೀಯೆ. ಆ ಗಾಳಿಯಲ್ಲಿ, ಆ ಧೂಳಿನಲ್ಲಿ ಎಣ್ಣೆ ಎಷ್ಟು ದಿನ ಹಸಿಯಾಗಿ ಉಳಿಯುತ್ತದೆ? ಯಾರೋ ಅದನ್ನು ಮೊನ್ನೆ ಮೊನ್ನೆಯವರೆಗೂ ಒರೆಸಿ ಎಣ್ಣೆ ಹಾಕುತ್ತಿದ್ದರು.

ಜುಲೈ ರಜೆಗೆ ನೀನು ಇಲ್ಲಿಗೆ ಬರುವುದು ಬೇಡ. ಸಾರ್ಮಿಯೆಂತೊಗೆ ಹೋಗು. ದಪ್ಪನೆಯ ಕೋಟು ಹಾಕಿಕೊ.

ನೋನಾ


ಸಾರ್ಮಿಯೆಂತೊ
19 ಜುಲೈ 1988

ನನ್ನ ಪ್ರೀತಿಯ ನೋನಾ,

ಇದ್ದಾರೆ.

ಬಸ್ಸಿನಿಂದ ಇಳಿದು, ರೊಟ್ಟಿ ಅಂಗಡಿಯಲ್ಲಿ, ಹಳೇ ಕರೀ ಸೈಕಲ್ಲಿನ ಒಬ್ಬ ವಯಸ್ಸಾದವರು ಇದ್ದರಾ ಎಂದು ಕೇಳಿದೆ. "ದೋನ್ ಎಲ್ವಿಯೊ? ಕೆರೆ ಕಡೆ ಹೋಗಿ, ಪಾಪ್ಲರ್ ಮರದ ಸಾಲಿನ ಕೊನೆ ಮನೆ. ಆದ್ರೆ ಈಗ ಸೈಕಲ್ ಇಲ್ಲ ಅವರ ಹತ್ರ" ಎಂದಳು ಅಂಗಡಿಯವಳು. ಮೊದಲ ಬಾಗಿಲಲ್ಲೇ! ನಾನು ನಿಂತಲ್ಲೇ ಅತ್ತೆ. ಅವಳು ಕೈಗೆ ಒಂದು ಬನ್ನು ಕೊಟ್ಟಳು.

ಚೆರ್ರಿ ಮರ ಬೆಳೆಸಿಕೊಂಡು ಒಬ್ಬರೇ ಇದ್ದಾರೆ. ಮದುವೆಯಾಗಿತ್ತು, ಹೆಂಡತಿ ಇಲ್ಲ, ಮಕ್ಕಳಾಗಲಿಲ್ಲ. ಬಾಗಿಲು ತೆರೆದವರ ಮುಖದಲ್ಲಿ ನಿಮ್ಮ ಹುಬ್ಬು ಇತ್ತು. ನಾನು ಯಾರೆಂದು ಹೇಳುವ ಬದಲು ಸೀಟಿನ ಚರ್ಮವನ್ನು ಚೀಲದಿಂದ ತೆಗೆದು ಮುದ್ರೆ ಕಾಣುವ ಹಾಗೆ ಹಿಡಿದೆ.

ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಕರಗಿಸಿಬಿಡು ಅಂತ ಕೊಟ್ಟಿದ್ನಲ್ಲಮ್ಮಾ ಇದನ್ನ" ಎಂದರು. ಮಂಡಿ ಹೋಗಿದೆಯಂತೆ. ತುಳಿಯಲಾಗದ ಸೈಕಲ್ಲನ್ನು ದಿನಾ ಒರೆಸಿ ಗೋಡೆಗೆ ಒರಗಿಸುವುದು ಸಾಕಾಗಿ ಲಾರಿಗೆ ಹಾಕಿದರಂತೆ.

ಆಮೇಲೆ ಕೇಳಿದರು: "ಎರ್ಮೆಲಿಂದಾ ಇನ್ನೂ ಬೈತಾಳಾ?"

"ದಿನಾ ಬೈತಾರೆ."

"ಹಾಗಾದ್ರೆ ಆರೋಗ್ಯವಾಗಿದ್ದಾಳೆ."

ಭೂಪಟದ ವಿಷಯ, ಬಿಲ್ಲೆಗಳ ವಿಷಯ ಹೇಳಿದೆ. ನಕ್ಕರು. ಐವತ್ತಾರರಲ್ಲಿ ಸ್ಮಶಾನದ ಹಿಂದಿನ ಯೂಕಲಿಪ್ಟಸ್ ತೋಪಿನಲ್ಲಿ ನಿಮ್ಮಮ್ಮ ತಂದ ಬಿಸಿ ರವಿಯೋಲಿ ಕಡುಬನ್ನು ಬುಟ್ಟಿಯಿಂದಲೇ ತಿಂದದ್ದನ್ನು ಹೇಳಿದರು. ಆಗ ನಗಲಿಲ್ಲ.

ನಿಮ್ಮಪ್ಪ ತೀರಿದ ಮೇಲೂ ಯಾಕೆ ಬರಲಿಲ್ಲ ಎಂದು ನಾನು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಕ್ಷಮಿಸಿ. "ನಮ್ಮೂರ ಕಡೆ ಗೋಧಿ ಸಾಗಿಸೋ ಡ್ರೈವರ್ ಒಬ್ಬ ಹೇಳ್ದ. ನಿಮ್ಮ ಹೆಸರಿನ ಫಲಕ ಹಾಕ್ಸಿದ್ದಾಳೆ ನಿಮ್ಮಕ್ಕ ಅಂತ. ಅಪ್ಪ ಮನೆಯಿಂದ ಹೊರಗೆ ಹಾಕಿದ್ರು, ಅದು ಒಂದು. ಅಕ್ಕ ಸಮಾಧಿ ಒಳಗೆ ಹಾಕ್ಬಿಟ್ಲು. ಅವಳು ತೀರ್ಮಾನ ಮಾಡಿ ಮುಗಿಸಿದ ಮೇಲೆ ಎದ್ದು ಬರೋಕೆ ನಾನ್ಯಾರು?"

ಬಸ್ಸು ಹತ್ತಿಸಲು ಕೋಲೂರಿಕೊಂಡು ಬಂದರು. ಊರಿಗೆ ಬನ್ನಿ ಎಂದೆ. "ಅಲ್ಲಿ ನನಗೆ ತಟ್ಟೆ ಇಲ್ಲಮ್ಮ" ಎಂದರು. ಕೋಪದಿಂದ ಅಲ್ಲ, ನೋನಾ. ಎಲ್ಲರಿಗೂ ಗೊತ್ತಿರುವ ಒಂದು ಸಂಗತಿ ಹೇಳುವ ಹಾಗೆ.

ನೀವೇ ಬರೆಯಬೇಕು.

ನೀದಿಯಾ


ಸಾಂತ ಫಿಲೊಮೆನಾ
2 ಆಗಸ್ಟ್ 1988

ಎಲ್ವಿಯೊ,

ನಿನ್ನ ಫಲಕ ತೆಗೆಸಿದ್ದೇನೆ. ತೆಗೆಯುವವನು "ಯಾವ ಕಾರಣಕ್ಕೆ ಅಂತ ಬರ್ಕೊಳ್ಳಿ, ದೋನ್ಯಾ?" ಎಂದು ಕೇಳಿದ. "ತಪ್ಪು ಮಾಹಿತಿ ಅಂತ ಬರ್ಕೋ" ಎಂದೆ. ಗೋಡೆಯಲ್ಲಿ ಸ್ಕ್ರೂವಿನ ನಾಲ್ಕು ತೂತು ಉಳಿದಿವೆ. ಮುಚ್ಚಿಸಿಲ್ಲ. ನೀನು ಬಂದು ನೋಡಿದ ಮೇಲೆ ಮುಚ್ಚಿಸುತ್ತೇನೆ.

ನೀದಿಯಾಳ ಶಾಲೆಯ ಮಕ್ಕಳು ಸೈಕಲ್ಲಿಗೆ ಎಷ್ಟು ವಯಸ್ಸು ಎಂದು ಕೇಳಿದ್ದರು. ಅವರಿಗೆ ನಾನು ಉತ್ತರ ಕೊಡಬೇಕು. ಫ್ರೇಮು, ಸೀಟು 1946. ಚಕ್ರ 1954. ನೀನು ಕೊಂಡಾಗ ಅಂಗಡಿಯಲ್ಲಿ ಅದು ಹೊಸದಿತ್ತೋ ಯಾರೋ ಬಳಸಿದ ಹಳೆಯದೋ ಎಂಬುದು ನಿನಗೇ ಗೊತ್ತು. ಬಂದು ಹೇಳು. ಗುರುತುಗಳನ್ನು ನಾನು ಒಮ್ಮೆ ತಪ್ಪಾಗಿ ಓದಿದ್ದಾಗಿದೆ.

ಇಷ್ಟು ದೂರವನ್ನು ಒಬ್ಬ ಮನುಷ್ಯ ಕಾಲಿನಿಂದ ತುಳಿದು ದಾಟಬಲ್ಲ ಎಂಬುದನ್ನು ನಾನು ಈಗಲೂ ಪೂರ್ತಿ ನಂಬಲಾರೆ. ಅಡುಗೆಮನೆಯಲ್ಲಿ ನಾನೂ ಒಂದು ಭೂಪಟ ತೂಗುಹಾಕಿದ್ದೇನೆ. ರೊಟ್ಟಿಯ ಹಿಟ್ಟು ನಾದುತ್ತ ನೋಡುತ್ತೇನೆ. ಆ ವರ್ಷ ರೇಸಿನಲ್ಲಿ ಗೆದ್ದ ಕಪ್ ನನ್ನ ಬೀರುವಿನಲ್ಲಿದೆ. ಹೊಸ್ತಿಲಿಂದ ಎತ್ತಿಟ್ಟವಳು ನಾನೇ. ಕಿಲುಬು ಹಿಡಿಯಲು ಬಿಟ್ಟಿಲ್ಲ.

ಮಂಡಿ ನೋವಿನ ನೆಪ ಹೇಳಬೇಡ. ಬಸ್ಸಿನಲ್ಲಿ ಕುಳಿತುಕೊಂಡು ಬರುವುದಕ್ಕೆ ಮಂಡಿ ಬೇಕಾಗಿಲ್ಲ. ಸೆಪ್ಟೆಂಬರಿನ ಎರಡನೆಯ ಭಾನುವಾರ ಮಧ್ಯಾಹ್ನ ಊಟ, ರವಿಯೋಲಿ. ತಡ ಮಾಡಿದರೆ ತಣ್ಣಗಾಗುತ್ತದೆ, ಮತ್ತೆ ಬಿಸಿ ಮಾಡಿಕೊಡುವವಳಲ್ಲ ನಾನು.

ನಿನ್ನ ಜಾಗದಲ್ಲಿ ಮುಂಚಿತವಾಗಿ ತಟ್ಟೆ ಇಟ್ಟಿರುವುದಿಲ್ಲ. ನೋಡಿ ತಪ್ಪು ತಿಳಿಯಬೇಡ. ಅಮ್ಮ ಇಡುತ್ತಿದ್ದದ್ದು ಬರದೇ ಇದ್ದವನಿಗೆ. ನೀನು ಬಂದು ಕೂರು, ತಟ್ಟೆ ತಂದು ಬಡಿಸುತ್ತೇನೆ.

ನಿನ್ನ ಅಕ್ಕ,
ಎರ್ಮೆಲಿಂದಾ